ಚಳಿಗಾಲವೆಲ್ಲ ನಿಂತ ಪಿಕಪ್ಪನ್ನು ಹೊಲಕ್ಕೆ ಇಳಿಸುವ ಮುಂಚೆ

ಬಂದ ತಕ್ಷಣ ಕೀ ತಿರುಗಿಸಬೇಡಿ. ಮೂರು ನಾಲ್ಕು ತಿಂಗಳು ಅಲುಗಾಡದೆ ನಿಂತ ಪಿಕಪ್ಪಿನ ಬಾನೆಟ್ ಎತ್ತುವುದು ಮೊದಲ ಕೆಲಸ. ಇಲಿಗಳಿಗೆ ಅಷ್ಟು ಬೆಚ್ಚನೆಯ ಜಾಗ ಬೇರೆ ಸಿಗದು. ಏರ್ ಫಿಲ್ಟರಿನ ಡಬ್ಬಿ ಬಿಚ್ಚಿ ಹುಲ್ಲು, ಚಿಂದಿ, ಕಾಳಿನ ಸಿಪ್ಪೆ ತೆಗೆಯಿರಿ. ಫಿಲ್ಟರ್ ತೂತಾಗಿದ್ದರೆ ಊದಿ ಮತ್ತೆ ಹಾಕುವ ಮಾತೇ ಇಲ್ಲ, ಹೊಸದು ಬೇಕು. ಕಚ್ಚಿದ ವೈರಿಗೆ ಬರೀ ಟೇಪ್ ಸುತ್ತಿದರೆ ಒಳಗೆ ತೇವ ಸೇರಿ ತಾಮ್ರ ಹಸಿರುಗಟ್ಟುತ್ತದೆ. ಬೆಸುಗೆ ಹಾಕಿ, ಮೇಲೆ ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಏರಿಸಿ.

ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 12.0ಕ್ಕಿಂತ ಕೆಳಗಿದ್ದರೆ ಬಹುಮಟ್ಟಿಗೆ ಖಾಲಿ. ಖಾಲಿಯಾಗಿಯೇ ತಿಂಗಳುಗಟ್ಟಲೆ ಬಿದ್ದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ. ಅಂಥದ್ದು ಚಾರ್ಜರಿಗೆ ಹಾಕಿದಾಗ ವೋಲ್ಟೇಜ್ ತೋರಿಸಿ, ಸೆಲ್ಫ್ ಹೊಡೆದ ಕೂಡಲೇ ಕುಸಿಯುತ್ತದೆ. ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಅದನ್ನು ನಂಬಿ ದೂರದ ಹೊಲಕ್ಕೆ ಹೋಗಬೇಡಿ. ಟರ್ಮಿನಲ್ಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆಯಿರಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಎಂಜಿನ್ ಓಡುತ್ತಿರುವಾಗ 13.8ರಿಂದ 14.5ರೊಳಗೆ ಬಂದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಿದೆ.

ಡೀಸೆಲ್ ಗಾಡಿಯಾದರೆ ಇನ್ನೊಂದು ತೊಂದರೆ. ಟ್ಯಾಂಕ್ ಅರ್ಧ ಖಾಲಿ ಇದ್ದಾಗ ಒಳಗಿನ ಗಾಳಿಯ ತೇವ ತಣ್ಣನೆಯ ತಗಡಿನ ಮೇಲೆ ಹನಿಗಟ್ಟಿ ತಳ ಸೇರುತ್ತದೆ. ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ಗಾಜಿನ ಲೋಟಕ್ಕೆ ಇಳಿಸಿ ನೋಡಿ; ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಬರೀ ಡೀಸೆಲ್ ಬರುವವರೆಗೆ ಬಿಡಿ. ಕಪ್ಪು ಲೋಳೆ ಬಂದರೆ ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿ ಬೆಳೆದಿದೆ ಎಂದರ್ಥ. ಆಗ ಫಿಲ್ಟರ್ ಬದಲಿಸಿದರಷ್ಟೇ ಸಾಲದು, ಟ್ಯಾಂಕನ್ನೇ ತೊಳೆಸಬೇಕು. ಹೊಸ ಫಿಲ್ಟರ್ ಹಾಕಿದ ಮೇಲೆ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆಯಿರಿ. ಸೆಲ್ಫ್ ಹೊಡೆದು ಹೊಡೆದು ಗಾಳಿ ತೆಗೆಯುವವರು ಸ್ಟಾರ್ಟರನ್ನೂ ಸುಡುತ್ತಾರೆ.

ಎಂಜಿನ್ ಆಯಿಲ್, ಬೆಲ್ಟು, ವೈಪರುಗಳನ್ನು ಎಲ್ಲರೂ ನೋಡುತ್ತಾರೆ, ಅದನ್ನು ಬಿಡೋಣ. ರೇಡಿಯೇಟರಿನ ಜಾಲರಿಗೆ ಮೆತ್ತಿದ ಹೊಟ್ಟು, ಮಣ್ಣನ್ನು ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲನೆ ನೀರು ಬಿಟ್ಟು ತೊಳೆಯಿರಿ. ಮುಂದಿನಿಂದ ಹೊಡೆದರೆ ಕಸ ಇನ್ನಷ್ಟು ಒಳಕ್ಕೆ ಹೋಗುತ್ತದೆ, ಪ್ರೆಶರ್ ಜಾಸ್ತಿಯಾದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಹಿಂದಿನ ಆಕ್ಸಲಿಗೆ. ಭಾರವೆಲ್ಲ ಅದರ ಮೇಲೆ, ನೋಡುವವರು ಕಡಿಮೆ.

ಹ್ಯಾಂಡ್ ಬ್ರೇಕ್ ಎಳೆದೇ ನಿಲ್ಲಿಸಿದ್ದರೆ ಡ್ರಮ್ಮಿಗೆ ಬ್ರೇಕ್ ಶೂ ತುಕ್ಕು ಹಿಡಿದು ಅಂಟಿರಬಹುದು. ಮೆಲ್ಲಗೆ ಮುಂದೆ ಹಿಂದೆ ಅಲುಗಿಸಿ. ಬಿಡದಿದ್ದರೆ ಡ್ರಮ್ಮಿನ ಅಂಚಿಗೆ ಸುತ್ತಿಗೆಯಿಂದ ತಟ್ಟಿ. ಗೇರ್ ಹಾಕಿ ಜೋರಾಗಿ ಕಿತ್ತರೆ ಲೈನಿಂಗ್ ಶೂ ಬಿಟ್ಟು ಎದ್ದು ಬರುತ್ತದೆ. ಡ್ರಮ್ ತೆಗೆದಾಗ ವೀಲ್ ಸಿಲಿಂಡರಿನ ರಬ್ಬರ್ ಅಂಚನ್ನು ಸ್ವಲ್ಪ ಎತ್ತಿ ನೋಡಿ, ಒಳಗೆ ಒದ್ದೆಯಿದ್ದರೆ ಸೋರಿಕೆ ಶುರುವಾಗಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ: ಡಾಟ್ 4 ಎಣ್ಣೆ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯುತ್ತದೆ, ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಭಾರ ಹೇರಿ ಇಳಿಜಾರಿನಲ್ಲಿ ಬರುವಾಗ ಪೆಡಲ್ ಮೆತ್ತಗಾಗುವುದಕ್ಕೆ ಇದೂ ಒಂದು ಕಾರಣ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ.

ಹಲವು ಪಿಕಪ್ಪುಗಳಲ್ಲಿ ಆಕ್ಸಲ್ ಮತ್ತು ಚಾಸಿಯ ನಡುವೆ ಒಂದು ಕಡ್ಡಿ ಜೋಡಿಸಿದ ವಾಲ್ವ್ ಇರುತ್ತದೆ. ಭಾರ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕೊಡಬೇಕೆಂದು ಅದು ತೀರ್ಮಾನಿಸುತ್ತದೆ. ಕೆಸರು ಒಣಗಿ ಅದು ಸಿಕ್ಕಿಕೊಂಡರೆ, ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಜಾಮ್ ಆಗಿ ಜಾರುತ್ತದೆ, ಇಲ್ಲವೇ ಲೋಡಿನಲ್ಲಿ ಹಿಡಿಯುವುದೇ ಇಲ್ಲ. ತೊಳೆದು, ಕಡ್ಡಿ ಸಲೀಸಾಗಿ ಆಡುತ್ತದೆಯೇ ನೋಡಿ.

ಹಿಂದಿನ ಆಕ್ಸಲಿನ ನಡುವಿನ ಗೇರುಗಳ ಡಬ್ಬಿಯ, ಅಂದರೆ ಡಿಫರೆನ್ಶಿಯಲಿನ, ಎಣ್ಣೆ ಬದಲಿಸುವುದಾದರೆ ತುಂಬುವ ಬೋಲ್ಟನ್ನು ಮೊದಲು ಬಿಚ್ಚಿ. ಅದು ತುಕ್ಕು ಹಿಡಿದು ಬರದಿದ್ದರೆ, ಇಳಿಸಿದ ಎಣ್ಣೆಯ ಬದಲು ಹಾಕಲು ದಾರಿಯೇ ಇರುವುದಿಲ್ಲ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಸಾಮಾನ್ಯವಾಗಿ ತಪ್ಪು ಮೇಲಿನ ಬ್ರೀದರಿನದು, ಅಂದರೆ ಒಳಗಿನ ಗಾಳಿ ಆಡಲು ಬಿಟ್ಟ ಸಣ್ಣ ಕಿಂಡಿಯದು: ಅದು ಮಣ್ಣಿನಿಂದ ಮುಚ್ಚಿದರೆ ಬಿಸಿಯಾದಾಗ ಎಣ್ಣೆ ಸೀಲ್ ದಾಟಿ ಬ್ರೇಕಿಗೆ ಬೀಳುತ್ತದೆ, ಬಿಸಿ ಹೌಸಿಂಗ್ ಹಳ್ಳದ ನೀರಿಗೆ ಇಳಿದಾಗ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಬ್ರೀದರ್ ಬಿಡಿಸದೆ ಸೀಲ್ ಮಾತ್ರ ಬದಲಿಸಿದರೆ ಮತ್ತೆ ಸೋರುತ್ತದೆ. ಲೀಫ್ ಸ್ಪ್ರಿಂಗಿನ ಪ್ಲೇಟುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಬಿರುಕಿನ ಗೆರೆ ಹುಡುಕಿ. ಮಧ್ಯದ ಯು ಬೋಲ್ಟಿನ ಬಳಿ ಅದು ಸುಲಭಕ್ಕೆ ಕಾಣುವುದಿಲ್ಲ. ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕೀಲಿನಲ್ಲಿರುವ ಕ್ರಾಸಿಗೆ ಹಳೆಯ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಗನ್ ಒತ್ತಿ. ನಾಲ್ಕರಲ್ಲಿ ಒಂದು ಕಡೆ ಬರದಿದ್ದರೆ ಆ ಬೇರಿಂಗ್ ಒಣಗಿದೆ.

ಹಿಂಬದಿಯ ಬಾಡಿಯ ಮೂಲೆಗಳಲ್ಲಿ ಕಳೆದ ವರ್ಷದ ಗೊಬ್ಬರದ ಕಾಳುಗಳಿದ್ದರೆ ಗುಡಿಸಿ ತೊಳೆಯಿರಿ. ರಸಗೊಬ್ಬರ ಉಪ್ಪಿನಂತೆಯೇ ತೇವ ಎಳೆದು ತಗಡನ್ನು ತಿನ್ನುತ್ತದೆ. ನೀರು ಹೋಗುವ ತೂತುಗಳನ್ನು ಬಿಡಿಸಿ.

ಟಯರಿನ ಗಾಳಿ ತಣ್ಣಗಿದ್ದಾಗಲೇ ಅಳೆಯಿರಿ. ಖಾಲಿಗೊಂದು, ಲೋಡಿಗೊಂದು ಒತ್ತಡ ಬಾಗಿಲ ಚೌಕಟ್ಟಿನ ಚೀಟಿಯಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಪಕ್ಕದ ಗೋಡೆಯ ನಾಲ್ಕಂಕಿ ಸಂಖ್ಯೆ ತಯಾರಾದ ವಾರ ಮತ್ತು ವರ್ಷ: 1419 ಅಂದರೆ 2019ರ 14ನೇ ವಾರ.

ಇನ್ನು ಲೋಡಿನ ಲೆಕ್ಕ. ಒಟ್ಟು ಅನುಮತಿ ತೂಕ 2,950 ಕೆಜಿ, ಖಾಲಿ ತೂಕ 1,850 ಕೆಜಿ ಅಂದುಕೊಳ್ಳಿ. 1,100 ಉಳಿಯಿತು. ಇಬ್ಬರು ಮನುಷ್ಯರು, ಸಲಕರಣೆ ಸೇರಿ 200 ಕಳೆದರೆ 900. ಅಂದರೆ 1,000 ಲೀಟರಿನ ನೀರಿನ ಟ್ಯಾಂಕ್ ತುಂಬಿ ಒಯ್ಯುವಂತಿಲ್ಲ. ಅರ್ಧ ತುಂಬಿಸಿದರೆ ತಿರುವಿನಲ್ಲಿ ನೀರು ತೂಗಾಡಿ ಗಾಡಿಯನ್ನು ಎಳೆಯುತ್ತದೆ, ಒಳಗೆ ಅಡ್ಡಹಲಗೆ ಇರುವ ಟ್ಯಾಂಕೇ ಬೇಕು. ಹಸಿ ಮಣ್ಣು ಘನ ಮೀಟರಿಗೆ ಒಂದೂವರೆ ಟನ್ ಮೀರುತ್ತದೆ, ಬಾಡಿ ಅರ್ಧ ತುಂಬುವ ಮೊದಲೇ ಮಿತಿ ಮುಗಿಯಬಹುದು. ಟ್ರೇಲರ್ ಕಟ್ಟುವುದಾದರೆ ಅದರ ಒಟ್ಟು ತೂಕದ ಶೇ 10ರಿಂದ 15 ಕೊಂಡಿಯ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ಹಿಂದಿನಿಂದ ಬಾಲ ಆಡಿಸುತ್ತದೆ.

ಚಕ್ರ ಬಿಚ್ಚಿ ಹಾಕಿದ್ದರೆ 80ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿಮಾಡಿ. ಮೊದಲ ದಿನದ ಕೆಲಸ ಮುಗಿಸಿ ನಿಲ್ಲಿಸುವಾಗ ಗಾಡಿಯಡಿ ಒಂದು ರಟ್ಟು ಹಾಸಿ, ಬೆಳಿಗ್ಗೆ ಅದರ ಮೇಲೆ ಎಲ್ಲಿ ಏನು ಬಿದ್ದಿದೆ ನೋಡಿ.