ಗೆಳೆಯ ಊರು ಬಿಡುತ್ತಿದ್ದಾನೆ, ಕೊನೆಯ ದಿನ ಏನು ಹೇಳಲಿ?

ಹತ್ತಿರದ ಗೆಳೆಯನೋ ಗೆಳತಿಯೋ ದೂರದೂರಿಗೆ ಹೊರಟು ನಿಂತಾಗ ಎಲ್ಲರೂ ಕೇಳುವ ಪ್ರಶ್ನೆ ಇದು. ನನ್ನ ಉತ್ತರ: ಕೊನೆಯ ದಿನಕ್ಕೆ ಏನನ್ನೂ ಉಳಿಸಿಕೊಳ್ಳಬೇಡಿ. ಆ ದಿನ ಅವರ ಗಮನವೆಲ್ಲ ಲಾರಿ, ಬೀಗದ ಕೈ, ಟಿಕೆಟ್ಟು, ಎಲ್ಲೋ ಸೇರಿಕೊಂಡ ಚಾರ್ಜರ್ ಇವುಗಳ ಮೇಲಿರುತ್ತದೆ. ಆಗ ಮನಸ್ಸು ಬಿಚ್ಚಿ ಹೇಳಿದ ಮಾತೂ ಅರ್ಧ ಕಿವಿಗೆ ಬೀಳುತ್ತದೆ.

ಸಾಮಾನು ಕಟ್ಟುವುದು ಶುರುವಾಗುವ ಮುಂಚೆ, ಅಂದರೆ ಹತ್ತು ಹದಿನೈದು ದಿನ ಮೊದಲೇ, ಇಬ್ಬರೇ ಕೂರಲು ಎರಡು ಮೂರು ಗಂಟೆ ಗೊತ್ತುಮಾಡಿಕೊಳ್ಳಿ. ಬೀಳ್ಕೊಡುಗೆ ಕೂಟ ಇದೆಯಲ್ಲ ಎನ್ನಬೇಡಿ. ಇಪ್ಪತ್ತು ಜನ, ಮೂರು ಗಂಟೆ: ತಲೆಗೆ 9 ನಿಮಿಷ, ಅದರಲ್ಲೂ ಅರ್ಧ ಫೋಟೊಗೆ. ಕೂಟ ಬೇಡವೆಂದಲ್ಲ, ಅದು ಬಳಗಕ್ಕೆ.

ಕೂತಾಗ "ನೀನಿಲ್ಲದೆ ಹೇಗೋ" ಎಂದಷ್ಟೇ ಹೇಳಿದರೆ ಎದುರಿನವರು "ಛೆ, ಬಿಡೋ" ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅವರು ಮಾಡಿದ ಒಂದೇ ಒಂದು ಕೆಲಸ ಹೆಸರಿಸಿ, ಅದರಿಂದ ನಿಮಗೇನಾಯಿತು ಎಂದು ಹೇಳಿ. ಬಾಯಿ ಬಾರದಿದ್ದರೆ ಅರ್ಧ ಪುಟ ಬರೆದು ಕೊಡಿ. ಅದನ್ನೂ ನಿಲ್ದಾಣದಲ್ಲಿ ಕೈಗಿಡಬೇಡಿ; ಓದಿ ಮರುಮಾತಾಡಲು ಅವರಿಗೂ ಒಂದೆರಡು ದಿನ ಸಿಗಲಿ.

ಇಲ್ಲಿ ಹೆಚ್ಚಾಗಿ ಎಡವಟ್ಟಾಗುವುದು ಕೊನೆಯ ವಾರದ ಜಗಳದಿಂದ. ತಡವಾಗಿ ಬಂದದ್ದಕ್ಕೋ ಯಾರನ್ನೋ ಕರೆಯದ್ದಕ್ಕೋ ಕಿಡಿ ಹತ್ತುತ್ತದೆ. ಪ್ರೀತಿ ಇಟ್ಟುಕೊಂಡು ಅಗಲುವುದಕ್ಕಿಂತ ಸಿಟ್ಟಿನಲ್ಲಿ ಅಗಲುವುದು ಸುಲಭ, ಹಾಗಾಗಿ ಮನಸ್ಸೇ ನೆಪ ಹುಡುಕುತ್ತದೆ. ತಪ್ಪು ಯಾರದೆಂದು ತೀರ್ಮಾನಿಸಲು ಕೂರಬೇಡಿ. "ನೀನು ಹೋಗ್ತಿರೋದು ನನಗೆ ಕಷ್ಟ ಆಗ್ತಿದೆ, ಅದಕ್ಕೇ ರೇಗಿದೆ" ಎಂದುಬಿಡಿ. ಬಹುಪಾಲು ಜಗಳಗಳು ಅಲ್ಲಿಗೇ ತಣ್ಣಗಾಗುತ್ತವೆ.

ಉಡುಗೊರೆ ಹಗುರವಾಗಿರಲಿ, ಚಪ್ಪಟೆಯಾಗಿರಲಿ. ಅನೇಕ ವಿಮಾನಗಳಲ್ಲಿ ಚೆಕ್‌ಇನ್ ಚೀಲಕ್ಕೆ 23 ಕಿಲೊ ಮಿತಿ. ಗಾಜಿನ ಚೌಕಟ್ಟಿನ ಫೋಟೊ ಒಡೆದರೂ ಕಷ್ಟ, ಬಿಟ್ಟುಹೋದರೂ ಕಷ್ಟ. ಪವರ್ ಬ್ಯಾಂಕ್ ಕೊಟ್ಟರೆ ಕೈಚೀಲದಲ್ಲೇ ಇಟ್ಟುಕೊಳ್ಳಲು ಹೇಳಿ, ಚೆಕ್‌ಇನ್ ಚೀಲದಲ್ಲಿ ಹಾಕುವಂತಿಲ್ಲ. ನನ್ನನ್ನು ಕೇಳಿದರೆ ಸಾಮಾನು ಕಟ್ಟಲು ಒಂದು ದಿನ ಮೈಮುರಿದು ದುಡಿಯುವುದೇ ಒಳ್ಳೆಯ ಉಡುಗೊರೆ. ಪುಸ್ತಕಗಳನ್ನು ಸಣ್ಣ ಪೆಟ್ಟಿಗೆಗಳಿಗೆ ತುಂಬಿ. ದೊಡ್ಡದಕ್ಕೆ ತುಂಬಿದರೆ ತಳ ಕಿತ್ತುಬರುತ್ತದೆ. ಒಳಗೇನಿದೆ ಎಂದು ಪೆಟ್ಟಿಗೆಯ ಮೇಲ್ಗಡೆ ಅಲ್ಲ, ಪಕ್ಕಕ್ಕೆ ಬರೆಯಿರಿ, ಒಂದರ ಮೇಲೊಂದು ಪೇರಿಸಿದರೂ ಕಾಣಲಿ. ಮೊದಲ ರಾತ್ರಿಗೆ ಬೇಕಾದ ಹೊದಿಕೆ, ಟವೆಲ್, ಸೋಪು, ಔಷಧಿ, ಚಾರ್ಜರ್, ಕತ್ತರಿ ಬೇರೆಯೇ ಚೀಲದಲ್ಲಿರಲಿ. ಅವರಿಂದ ತಂದ ಪುಸ್ತಕ, ಸಾಲ, ಬೀಗದ ಕೈ ಇದೇ ಹೊತ್ತಿಗೆ ವಾಪಸ್ಸಾಗಲಿ.

ಹೊರಡುವ ಮುನ್ನವೇ ಮೊದಲ ಕರೆಯ ದಿನ ಗೊತ್ತುಮಾಡಿ, ತಲುಪಿದ ಹತ್ತು ದಿನದೊಳಗೆ. "ದಿನಾ ಮಾತಾಡೋಣ" ಎಂಬ ಮಾತು ಮೊದಲ ವಾರವೇ ಮುರಿಯುತ್ತದೆ, ಮುರಿದವರು ನಾಚಿಕೆಯಿಂದ ಇನ್ನಷ್ಟು ಸುಮ್ಮನಾಗುತ್ತಾರೆ. ತಿಂಗಳಿಗೊಮ್ಮೆ ಸಾಕು, ಆದರೆ ತಪ್ಪಬಾರದು. ಬೇಸಿಗೆಗೆ ಗಡಿಯಾರ ಮುಂದಿಡುವ ದೇಶಕ್ಕೆ ಹೋದರೆ ವರ್ಷಕ್ಕೆರಡು ಬಾರಿ ಕರೆಯ ಹೊತ್ತು ಒಂದು ಗಂಟೆ ಜಾರುತ್ತದೆ, ಯಾರ ಗಡಿಯಾರದ ಲೆಕ್ಕವೆಂದು ಮೊದಲೇ ಒಪ್ಪಿಕೊಳ್ಳಿ. ಹಳೆಯ ಸಿಮ್ ಬಂದ್ ಆಗಬಹುದು, ಇಮೇಲ್ ವಿಳಾಸವೂ ಇರಲಿ.

ಬರೀ ಮಾತು ಎಲ್ಲರಿಗೂ ಒಗ್ಗುವುದಿಲ್ಲ. ಶಾಲೆ ಮುಗಿಸಿ ಚದುರಿದ ವಿದ್ಯಾರ್ಥಿಗಳನ್ನು ಸ್ಯಾಮ್ ರಾಬರ್ಟ್ಸ್ ಮತ್ತು ರಾಬಿನ್ ಡನ್‌ಬಾರ್ ಎಂಬ ಸಂಶೋಧಕರು 18 ತಿಂಗಳು ಗಮನಿಸಿದರು. ಹುಡುಗಿಯರ ಸ್ನೇಹವನ್ನು ಹೆಚ್ಚಾಗಿ ಉಳಿಸಿದ್ದು ಮಾತು, ಹುಡುಗರದನ್ನು ಜೊತೆಗೂಡಿ ಏನಾದರೂ ಮಾಡುವುದು. ಫೋನಿನಲ್ಲಿ "ಮತ್ತೇನು?" ಎಂದು ಪದೇಪದೇ ಕೇಳುವಂತಾದರೆ ಆನ್‌ಲೈನ್ ಚೆಸ್ ಆಡಿ, ಒಂದೇ ಪಂದ್ಯವನ್ನು ಇಬ್ಬರೂ ಒಟ್ಟಿಗೆ ನೋಡಿ.

ಮೊದಲ ಎರಡು ಮೂರು ತಿಂಗಳು ಆ ಕಡೆಯಿಂದ ಸದ್ದು ಕಡಿಮೆಯಾದರೆ ಮುನಿಯಬೇಡಿ. ಸಂಶೋಧಕ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆಪ್ತ ಸ್ನೇಹ ಬೆಳೆಯಲು 200 ಗಂಟೆಗೂ ಹೆಚ್ಚು ಒಡನಾಟ ಬೇಕು. ಹೊಸ ಊರಿನಲ್ಲಿ ಅವರು ಅದನ್ನು ಸೊನ್ನೆಯಿಂದ ಶುರುಮಾಡಿರುತ್ತಾರೆ. ಆಗ "ಮರೆತೇಬಿಟ್ಟೆಯಾ?" ಎಂದು ಬರೆದರೆ ಅವರು ಮೊದಲು ಸಮಜಾಯಿಷಿ ಕೊಡಬೇಕಾಗುತ್ತದೆ. ಅದರ ಬದಲು ಇಬ್ಬರಿಗೂ ಗೊತ್ತಿರುವ ಯಾವುದಾದರೂ ವಿಷಯ ಎರಡು ಸಾಲಿನಲ್ಲಿ ಬರೆಯಿರಿ, ಉತ್ತರ ಕೊಡಲೇಬೇಕು ಅನ್ನಿಸುವ ಪ್ರಶ್ನೆ ಮಾತ್ರ ಬೇಡ.