ದಿನಾ ಹರಡಿದ್ದನ್ನು ದಿನಾ ಗುಡ್ಡೆ ಹಾಕಿದ ಹಕ್ಕಿ

ಬ್ರಿಸ್ಬೇನ್‌ನಲ್ಲಿ ತೋಟ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೊದಲ ಆಗಸ್ಟ್‌ನಲ್ಲೇ ನಾನು ಒಂದು ಹಕ್ಕಿಯ ಮೇಲೆ ಹಟಕ್ಕೆ ಬಿದ್ದೆ. ಮನೆಯೊಂದರ ಹಿತ್ತಲಲ್ಲಿ ಹೊಸ ಸಸಿಗಳ ಬುಡಕ್ಕೆ ಮರದ ತೊಗಟೆಯ ಚೂರು ಹರಡಿದ್ದೆವು. ಮರುದಿನ ನೋಡಿದರೆ ಅಷ್ಟೂ ಮೂಲೆಯ ಮರದಡಿ ಗುಡ್ಡೆಯಾಗಿತ್ತು, ಕಿತ್ತ ಸಸಿಗಳ ಸಮೇತ. ನಾನು ಹರಡಿದೆ. ಅದು ಮತ್ತೆ ಗುಡ್ಡೆ ಹಾಕಿತು. ಹೀಗೆ ಒಂಬತ್ತು ದಿನ. ಕಪ್ಪು ಮೈ, ಬೋಳು ಕೆಂಪು ತಲೆ, ಕೊರಳಲ್ಲಿ ಹಳದಿ ಜೋಲು: ಗಂಡು ಬ್ರಷ್ ಟರ್ಕಿ.

ಹತ್ತನೆಯ ದಿನ ಹಿರಿಯ ಸಹೋದ್ಯೋಗಿಯೊಬ್ಬರು ಬಂದು ನೋಡಿ, "ದಿನಾ ಇದಕ್ಕೆ ಸಾಮಾನು ತಂದುಕೊಡುತ್ತಿರುವವರು ಯಾರು?" ಎಂದು ಕೇಳಿದರು. ನನಗೆ ನಾಚಿಕೆಯಾಯಿತು.

ಈ ಹಕ್ಕಿ ಕಾವಿಗೆ ಕೂರುವುದೇ ಇಲ್ಲ. ಎಲೆ, ಕಸ, ಮಣ್ಣು ಒಟ್ಟಿದ ಗುಡ್ಡೆ ಕೊಳೆಯುವಾಗ ಹುಟ್ಟುವ ಬಿಸಿಯೇ ಮೊಟ್ಟೆಗೆ ಕಾವು. ಊರಿನಲ್ಲಿ ಅಪ್ಪ ತಿಪ್ಪೆಯೊಳಗೆ ಕೈ ಹಾಕಿ ಗೊಬ್ಬರ ಎಷ್ಟು ಬಿಸಿಯಾಗಿದೆ ಎಂದು ನೋಡುತ್ತಿದ್ದರು. ಈ ಗಂಡು ಕೊಕ್ಕು ತೂರಿಸಿ ನೋಡುತ್ತದೆ. ಬಿಸಿ ಹೆಚ್ಚಾದರೆ ಕೆದರುತ್ತದೆ, ಕಡಿಮೆಯಾದರೆ ಇನ್ನಷ್ಟು ಕಸ ಹೇರುತ್ತದೆ. ಒಳಗಿನ ಉಷ್ಣತೆ 33ರಿಂದ 35 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಹಲವು ಹೆಣ್ಣುಗಳು ಬಂದು ಮೊಟ್ಟೆ ಇಟ್ಟು ಹೋಗುತ್ತವೆ. ಸುಮಾರು ಏಳು ವಾರಕ್ಕೆ ಮರಿ ತಾನೇ ಮೇಲಕ್ಕೆ ತೋಡಿಕೊಂಡು ಬಂದು, ಕೆಲವೇ ಗಂಟೆಗಳಲ್ಲಿ ಹಾರಬಲ್ಲದು. ತಿಂಗಳುಗಟ್ಟಲೆ ಗುಡ್ಡೆ ಕಾದ ಅಪ್ಪ ಆ ಮರಿಯತ್ತ ತಿರುಗಿಯೂ ನೋಡುವುದಿಲ್ಲ!

ಹಕ್ಕಿ ಕಾನೂನಿನ ರಕ್ಷಣೆಯಲ್ಲಿದೆ. ಮೊಟ್ಟೆ ಬಿದ್ದ ಮೇಲೆ ಗುಡ್ಡೆ ಮುಟ್ಟುವಂತಿಲ್ಲ. ನಮ್ಮದು ಇನ್ನೂ ಖಾಲಿಯಿತ್ತು. ದಟ್ಟ ನೆರಳು ಮತ್ತು ಸಡಿಲವಾದ ಕಸ, ಇವೆರಡೇ ಅದನ್ನು ಅಲ್ಲಿಗೆ ಕರೆದಿದ್ದವು. ಮರದ ಕೆಳಗೊಂಬೆಗಳನ್ನು ಸವರಿ ಬಿಸಿಲು ಬೀಳುವಂತೆ ಮಾಡಿದೆವು. ತೊಗಟೆ ತೆಗೆದು, ಕೆದರಲಾಗದಷ್ಟು ದಪ್ಪದ ಹೊಳೆಗಲ್ಲು ಹಾಸಿದೆವು. ಹಿತ್ತಲಿನ ಕೊನೆಯಲ್ಲಿ, ಯಾರಿಗೂ ಬೇಡವಾದ ನೆರಳಿನಲ್ಲಿ, ತರಗೆಲೆ ಸುರಿದೆವು. ಎರಡು ವಾರ ಕಳೆಯುವುದರೊಳಗೆ ಹಕ್ಕಿ ಅಲ್ಲಿಗೆ ಬಿಡಾರ ಬದಲಿಸಿತು.

ಈಗ ಯಾರಾದರೂ ಇದೇ ದೂರು ಹೇಳಿ ಫೋನ್ ಮಾಡಿದರೆ ನಾನು ಹಕ್ಕಿಯ ವಿಷಯ ಕೇಳುವುದೇ ಇಲ್ಲ. ಗಿಡದ ಬುಡಕ್ಕೆ ಏನು ಹಾಕಿದ್ದೀರಿ ಎಂದು ಕೇಳುತ್ತೇನೆ.

ಆ ಮನೆಯ ಸೊಪ್ಪಿನ ಮಡಿಯನ್ನು ಮಾತ್ರ ಅದು ಕೆದರುವುದು ಬಿಡಲಿಲ್ಲ. ತಂತಿಬಲೆ ಹೊದಿಸಿ, ಅದರ ಖರ್ಚನ್ನೂ ಬಿಲ್ಲಿಗೆ ಸೇರಿಸಿದೆವು.