ಎಲ್ಲ ಮೊದಲಿನ ಹಾಗೇ ಇದೆಯಾ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಗಂಡಸರು. ಫೋನಿನಲ್ಲಿ ಕೇಳುತ್ತಾರೆ. ಮೊದಲು ಅದೂ ಇದೂ ಮಾತು, ಮಕ್ಕಳು ಹೇಗಿದ್ದಾರೆ, ಕೆಲಸ ಹೇಗಿದೆ. ಆಮೇಲೆ ಒಂದು ಗಳಿಗೆ ಸುಮ್ಮನಾಗುತ್ತಾರೆ. “ಅಲ್ಲ, ನಿಮಗೆ ಆ ಪ್ರಾಸ್ಟೇಟ್ ಆಪರೇಷನ್ ಆಯ್ತಲ್ಲ... ಈಗ ಎಲ್ಲ ಮೊದಲಿನ ಹಾಗೇ ಇದೆಯಾ?” ಅಷ್ಟರಲ್ಲಿ ದನಿ ಅರ್ಧ ಇಳಿದಿರುತ್ತದೆ. ಅವರ ಕೈಯಲ್ಲೋ ಅವರ ಅಣ್ಣನ ಕೈಯಲ್ಲೋ ಪ್ರಾಸ್ಟೇಟ್ ಕ್ಯಾನ್ಸರ್ ಇದೆಯಾ ಅಂತ ನೋಡಿದ ಬಯಾಪ್ಸಿ ರಿಪೋರ್ಟ್ ಇದೆ ಅಂತ ನನಗೆ ಗೊತ್ತಾಗಿಬಿಡುತ್ತದೆ.

ಇಲ್ಲ, ಮೊದಲಿನ ಹಾಗಿಲ್ಲ. ಆದರೆ ಇಷ್ಟೇ ಹೇಳಿ ಫೋನಿಟ್ಟರೆ ಆ ಮನುಷ್ಯ ರಾತ್ರಿ ನಿದ್ದೆ ಮಾಡುವುದಿಲ್ಲ. ಹಾಗಾಗಿ ಪ್ರತಿ ಸಲ ಮುಕ್ಕಾಲು ಗಂಟೆ ಮಾತಾಡುತ್ತೇನೆ. ಆ ಮುಕ್ಕಾಲು ಗಂಟೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನನಗೆ ಆಗ 61 ವರ್ಷ. ತೊಂದರೆ ಅನ್ನುವಂಥದ್ದು ಏನೂ ಇರಲಿಲ್ಲ. ರಾತ್ರಿ ಒಂದು ಸಲ ಒಂದಕ್ಕೆ ಏಳುತ್ತಿದ್ದೆ, ಈ ವಯಸ್ಸಿಗೆ ಯಾರು ಏಳುವುದಿಲ್ಲ ಹೇಳಿ. ಬೇರೆ ಯಾವುದಕ್ಕೋ ರಕ್ತ ಕೊಟ್ಟಾಗ ಪಿಎಸ್‌ಎ ಕೂಡ ನೋಡಿದರು. 7.2 ಬಂತು. ಪಿಎಸ್‌ಎ ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್. ಅದು ಏರಿದ ಮಾತ್ರಕ್ಕೆ ಕ್ಯಾನ್ಸರ್ ಅಂತ ಅರ್ಥವಲ್ಲ. ವಯಸ್ಸಾದಂತೆ ಗ್ರಂಥಿ ದಪ್ಪಗಾದರೂ ಏರುತ್ತದೆ, ಸೋಂಕಾದರೂ ಏರುತ್ತದೆ. ಅದಕ್ಕೇ ಇನ್ನೊಮ್ಮೆ ರಕ್ತ, ಆಮೇಲೆ ಎಂಆರ್‌ಐ, ಕೊನೆಗೆ ಬಯಾಪ್ಸಿ. ಹನ್ನೆರಡು ಕಡೆ ಸೂಜಿ ಹಾಕಿ ಚೂರು ತೆಗೆದರು. ನೋವಿಗಿಂತ ಆ ಸೂಜಿಯ ಟಪ್ ಟಪ್ ಸದ್ದೇ ನೆನಪಿದೆ. ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತ ಕಾಣಬಹುದು ಅಂತ ನರ್ಸ್ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಹೇಳದಿದ್ದರೆ ಅವತ್ತೇ ಎದೆ ಒಡೆದುಕೊಳ್ಳುತ್ತಿದ್ದೆ.

ರಿಪೋರ್ಟ್ ಬರಲು ಹತ್ತು ದಿನ. ಈ ಕಾಯಿಲೆಯಲ್ಲಿ ನನಗೆ ತುಂಬ ಕಷ್ಟ ಕೊಟ್ಟಿದ್ದು ಆ ಹತ್ತು ದಿನ. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಒಂದು ನಿಮಿಷ ಮರೆತಿರುತ್ತಿದ್ದೆ. ಆಮೇಲೆ ಕನ್ನಡಿಯಲ್ಲಿ ಮುಖ ನೋಡಿದ ತಕ್ಷಣ ನೆನಪಾಗುತ್ತಿತ್ತು.

ಡಾಕ್ಟರ್ ಹೇಳಿದ್ದು ಎರಡೇ ಮಾತು. “ಕ್ಯಾನ್ಸರ್ ಇದೆ. ಆದರೆ ಅವಸರ ಇಲ್ಲ, ಯೋಚನೆ ಮಾಡಿ ಹೇಳಿ.” ನನ್ನ ಕಿವಿಗೆ ಬಿದ್ದಿದ್ದು ಮೊದಲನೆಯದು ಮಾತ್ರ. ಎರಡನೆಯದನ್ನು ಕೇಳಿಸಿಕೊಂಡವಳು ನನ್ನ ಹೆಂಡತಿ. ನಾನು “ನಾಳೆನೇ ತೆಗೆದುಹಾಕಿ” ಅಂದುಬಿಟ್ಟೆ. ಅವಳು ನನ್ನ ತೋಳು ಹಿಡಿದು, “ಡಾಕ್ಟ್ರೇ, ನಾವು ಎರಡು ವಾರ ಬಿಟ್ಟು ಬರ್ತೀವಿ” ಅಂದಳು. ಡಾಕ್ಟರ್ ಹತ್ತಿರ ಹೋಗುವಾಗ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಕೇಳಿಸಿಕೊಳ್ಳುವುದೇ ಅವರ ಕೆಲಸ.

ಆ ಎರಡು ವಾರದಲ್ಲಿ ಗೊತ್ತಾಗಿದ್ದು ಬಹಳ. ರಿಪೋರ್ಟಿನಲ್ಲಿ ಗ್ಲೀಸನ್ 3+4 ಅಂತ ಇತ್ತು. ಡೊನಾಲ್ಡ್ ಗ್ಲೀಸನ್ ಅನ್ನುವ ಅಮೆರಿಕದ ಪೆಥಾಲಜಿಸ್ಟ್ 1966ರಲ್ಲಿ ಈ ಲೆಕ್ಕ ತಂದರು. ಮೈಕ್ರೋಸ್ಕೋಪಿನಲ್ಲಿ ಜೀವಕೋಶಗಳ ಜೋಡಣೆ ಎಷ್ಟು ಕೆಟ್ಟಿದೆ ಅಂತ ನೋಡಿ ಅಂಕ ಕೊಡುತ್ತಾರೆ. ಮೊದಲ ಅಂಕ ಜಾಸ್ತಿ ಕಂಡಿದ್ದಕ್ಕೆ, ಎರಡನೆಯದು ಅದರ ಜೊತೆ ಕಂಡಿದ್ದಕ್ಕೆ. ಹಾಗಾಗಿ 3+4 ಮತ್ತು 4+3 ಎರಡೂ ಏಳೇ ಆದರೂ ಒಂದೇ ಅಲ್ಲ. 4+3 ಇದ್ದರೆ ಇನ್ನಷ್ಟು ಗಂಭೀರ. ಫೋನ್ ಮಾಡಿ “ನಂದು ಏಳು ಅಂತೆ” ಅನ್ನುವವರಿಗೆ ನಾನು ಮೊದಲು ಕೇಳುವುದು, “ಯಾವ ಏಳು?” ಅಂತ.

ಆರು ಬಂದರೆ ಎಷ್ಟೋ ಜನಕ್ಕೆ ಚಿಕಿತ್ಸೆಯನ್ನೇ ಶುರು ಮಾಡುವುದಿಲ್ಲ. ಆಗಾಗ ಪಿಎಸ್‌ಎ, ಎಂಆರ್‌ಐ, ಬೇಕಾದರೆ ಮತ್ತೆ ಬಯಾಪ್ಸಿ ಮಾಡುತ್ತಾ ಕಣ್ಣಿಟ್ಟಿರುತ್ತಾರೆ. ಮೈಯೊಳಗೆ ಕ್ಯಾನ್ಸರ್ ಇಟ್ಟುಕೊಂಡು ಸುಮ್ನೆ ಕೂರುವುದಾ ಅಂತ ನನಗೂ ಅನ್ನಿಸಿತ್ತು. ಆದರೆ ಬ್ರಿಟನ್ನಿನಲ್ಲಿ ಪ್ರೊಟೆಕ್ಟ್ ಅಂತ ಒಂದು ದೊಡ್ಡ ಅಧ್ಯಯನ ನಡೆದಿದೆ. ಕಾಯಿಲೆ ಗ್ರಂಥಿಯ ಆಚೆ ಹೋಗಿರದ 1,643 ಗಂಡಸರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಒಂದಕ್ಕೆ ರೇಡಿಯೇಷನ್, ಇನ್ನೊಂದರ ಮೇಲೆ ಕಣ್ಣಿಡುವುದು ಅಂತ ನಿರ್ಧರಿಸಿದರು. 15 ವರ್ಷದ ಲೆಕ್ಕ 2023ರಲ್ಲಿ ಬಂತು. ಈ ಕ್ಯಾನ್ಸರಿನಿಂದ ಸತ್ತವರು ಮೂರೂ ಗುಂಪಿನಲ್ಲಿ ನೂರಕ್ಕೆ ಸುಮಾರು ಮೂವರು. ಕಣ್ಣಿಟ್ಟ ಗುಂಪಿನಲ್ಲಿ ಕಾಯಿಲೆ ಹರಡಿದ್ದು ಜಾಸ್ತಿ, ನೂರಕ್ಕೆ ಒಂಬತ್ತರಷ್ಟು. ಉಳಿದ ಎರಡರಲ್ಲಿ ಐದರಷ್ಟು. ಕಾಯಿಲೆ ಮೊದಲೇ ಹರಡಿದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಆದರೆ ನನ್ನಂಥವನಿಗೆ ಎರಡು ವಾರ ಯೋಚಿಸಿದರೆ ಏನೂ ಮುಳುಗಿಹೋಗುವುದಿಲ್ಲ ಅನ್ನುವುದಂತೂ ಖಾತ್ರಿಯಾಯಿತು. ಅವಸರ ಇದ್ದಿದ್ದು ನನ್ನ ಹೆದರಿಕೆಗೆ.

ನನ್ನದು ಹಲವು ಚೂರುಗಳಲ್ಲಿ ಕಂಡಿತ್ತು, ಚಿಕಿತ್ಸೆ ಬೇಕು ಅಂದರು. ಸರ್ಜನ್ ಹತ್ತಿರ ಹೋದರೆ ಆಪರೇಷನ್ ಒಳ್ಳೆಯದು ಅಂದರು. ರೇಡಿಯೇಷನ್ ಡಾಕ್ಟರ್ ಹತ್ತಿರ ಹೋದರೆ ರೇಡಿಯೇಷನ್ ಒಳ್ಳೆಯದು ಅಂದರು. ಇಬ್ಬರೂ ಸುಳ್ಳು ಹೇಳಲಿಲ್ಲ. ಇಬ್ಬರನ್ನೂ ಕೇಳದೆ ತೀರ್ಮಾನ ಮಾಡಬೇಡಿ ಅನ್ನುವುದಷ್ಟೇ ನನ್ನ ಮಾತು. ನಾನು ಆಪರೇಷನ್ ಆರಿಸಿಕೊಂಡೆ. ಕಾಯಿಲೆ ಮತ್ತೆ ಬಂದರೆ ಆಮೇಲೆ ರೇಡಿಯೇಷನ್ ಕೊಡಬಹುದು, ರೇಡಿಯೇಷನ್ ಆದ ಮೇಲೆ ಆಪರೇಷನ್ ಮಾಡುವುದು ಕಷ್ಟ ಅಂತ ಕಾರಣ ಹೇಳುತ್ತೇನೆ. ನಿಜವಾದ ಕಾರಣ, ಅದು ನನ್ನೊಳಗೆ ಇರುವುದನ್ನು ನನಗೆ ಸಹಿಸಲಾಗಲಿಲ್ಲ.

ನನ್ನ ಗೆಳೆಯನೊಬ್ಬ ರೇಡಿಯೇಷನ್‌ಗೆ ಹೋದ. ನಾಲ್ಕು ವಾರದಲ್ಲಿ 20 ಸಲ, ಪ್ರತಿ ಸಲ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಮಲಗಬೇಕು. ಅದು ಸಲೀಸಾಗಿ ಆಯಿತು. ಅವನನ್ನು ಹಣ್ಣು ಮಾಡಿದ್ದು ಜೊತೆಗೆ ಕೊಟ್ಟ ಆರು ತಿಂಗಳ ಹಾರ್ಮೋನ್ ಇಂಜೆಕ್ಷನ್. ಗಂಡಸಿನ ಹಾರ್ಮೋನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಅಂತ 1941ರಲ್ಲಿ ಚಾರ್ಲ್ಸ್ ಹಗಿನ್ಸ್ ತೋರಿಸಿದ್ದರು, ಅದಕ್ಕೆ ನೊಬೆಲ್ ಕೂಡ ಬಂತು. ನನ್ನ ಗೆಳೆಯನಿಗೆ ಬಂದಿದ್ದು ಬೆವರು. ಕೂತಲ್ಲಿ ಮುಖ ಕಾದು ಅಂಗಿ ಒದ್ದೆ. ಟಿವಿಯಲ್ಲಿ ಯಾವುದೋ ಜಾಹೀರಾತು ನೋಡಿ ಅಳುತ್ತಿದ್ದ. ಮುಟ್ಟು ನಿಂತ ಕಾಲದಲ್ಲಿ ಇದೆಲ್ಲ ಕಂಡಿದ್ದ ಅವನ ಹೆಂಡತಿ, “ಈಗ ಗೊತ್ತಾಯ್ತಾ ನಿಮಗೆ?” ಅಂದಳಂತೆ.

ಇನ್ನು ಫೋನ್ ಮಾಡಿದವರು ನಿಜವಾಗಿ ಕೇಳಬೇಕೆಂದಿದ್ದು. ಅದು ಎರಡೇ ವಿಷಯ. ಒಂದು ಮೂತ್ರ, ಇನ್ನೊಂದು ಹಾಸಿಗೆ.

ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು. ಅದನ್ನು ತೆಗೆದಾಗ ನಾಳವನ್ನು ಕತ್ತರಿಸಿ ಮೂತ್ರಕೋಶಕ್ಕೆ ಹೊಲಿಯಬೇಕು. ಆ ಹೊಲಿಗೆ ಮಾಯುವವರೆಗೆ ಕ್ಯಾತಿಟರ್, ಅಂದರೆ ಮೂತ್ರ ಹೊರಗೆ ಹರಿಸುವ ಕೊಳವೆ. ನನಗೆ ಹತ್ತು ದಿನ ಇತ್ತು. ಕಾಲಿಗೆ ಚೀಲ ಕಟ್ಟಿಕೊಂಡು ಓಡಾಡಿದೆ. ಅದನ್ನು ತೆಗೆದ ದಿನ ಖುಷಿಯಿಂದ ಎದ್ದು ನಿಂತೆ. ನಿಂತ ತಕ್ಷಣ ಪ್ಯಾಂಟ್ ಒದ್ದೆ. ತಡೆಯೋಣ ಅಂದರೆ ತಡೆಯುವುದು ಹೇಗೆ ಅನ್ನುವುದೇ ಮೈಗೆ ಮರೆತುಹೋಗಿತ್ತು. ಪ್ಯಾಡ್ ತನ್ನಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಒಂದು ಟವೆಲ್ ಹಾಸಿಕೊಂಡು ಕಾರಿನಲ್ಲಿ ಮನೆಗೆ ಬಂದೆ. ದಾರಿಯಲ್ಲಿ ಯಾರೂ ಮಾತಾಡಲಿಲ್ಲ.

ಮೊದಲ ತಿಂಗಳು ದಿನಕ್ಕೆ ನಾಲ್ಕೈದು ಪ್ಯಾಡ್. ಮೂರನೇ ತಿಂಗಳಿಗೆ ಒಂದು. ಎಂಟನೇ ತಿಂಗಳಿಗೆ ಬಿಟ್ಟೆ. ಈಗಲೂ ಜೋರಾಗಿ ಸೀನು ಬಂದರೆ ಕಾಲು ಜೋಡಿಸಿಕೊಳ್ಳುತ್ತೇನೆ, ಸಂಜೆ ಸುಸ್ತಾದಾಗ ಭಾರ ಎತ್ತುವುದಿಲ್ಲ. ಹೆಚ್ಚಿನವರಿಗೆ ಆರು ತಿಂಗಳಿಂದ ವರ್ಷದೊಳಗೆ ಹತೋಟಿಗೆ ಬರುತ್ತದೆ, ಎಲ್ಲರಿಗೂ ಅಲ್ಲ. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಯುವ ಕೆಗಲ್ ವ್ಯಾಯಾಮ ಸಹಾಯ ಮಾಡುತ್ತದೆ. ಯಾವ ಸ್ನಾಯು ಬಿಗಿಯಬೇಕು ಅಂತ ತಿಳಿಯದೆ ನಾನು ಎರಡು ವಾರ ಹೊಟ್ಟೆ ಬಿಗಿಯುತ್ತಿದ್ದೆ. ಕೊನೆಗೆ ಫಿಸಿಯೋಥೆರಪಿಸ್ಟ್ ಹುಡುಗಿ ನಗದೇ ಹೇಳಿದಳು, “ನಾಲ್ಕು ಜನರ ಮಧ್ಯೆ ಕೂತಾಗ ಹೂಸು ತಡೀತೀರಲ್ಲ ಸರ್, ಅದೇ.” ಆಪರೇಷನ್‌ಗೆ ಮೊದಲೇ ಇದನ್ನು ಕಲಿತು ಶುರು ಮಾಡಿ. ನನಗೂ ಹಾಗೇ ಹೇಳಿದ್ದರು. ಆ ಕಾಗದವನ್ನು ಫೈಲಿನಲ್ಲಿಟ್ಟು ಮರೆತಿದ್ದೆ.

ಎರಡನೆಯದು. ನಿಮಿರುವಿಕೆಗೆ ಬೇಕಾದ ನರಗಳು ಪ್ರಾಸ್ಟೇಟಿನ ಎರಡೂ ಪಕ್ಕಕ್ಕೆ ಅಂಟಿಕೊಂಡೇ ಹೋಗುತ್ತವೆ. ಒಂದು ಕಾಲದಲ್ಲಿ ಗ್ರಂಥಿಯ ಜೊತೆ ಅವೂ ಹೋಗುತ್ತಿದ್ದವು. 1982ರಲ್ಲಿ ಪ್ಯಾಟ್ರಿಕ್ ವಾಲ್ಷ್ ಅನ್ನುವ ಸರ್ಜನ್ ಅವನ್ನು ಉಳಿಸಿ ಆಪರೇಷನ್ ಮಾಡುವ ದಾರಿ ತೋರಿಸಿದರು. ನನ್ನವನ್ನೂ ಉಳಿಸಿದ್ದಾರೆ. ಆದರೆ ಉಳಿಸಿದ ನರಗಳೂ ಪೆಟ್ಟು ತಿಂದು ಮಂಕಾಗಿರುತ್ತವೆ, ಚೇತರಿಸಿಕೊಳ್ಳಲು ಒಂದೂವರೆ ಎರಡು ವರ್ಷ ಹಿಡಿಯಬಹುದು. ಸ್ಖಲನ ಇರುವುದಿಲ್ಲ, ಸುಖ ಇರುತ್ತದೆ. ಇದನ್ನು ನಾನು ಎಷ್ಟು ಸಲ ಹೇಳಿದರೂ ಆ ಕಡೆ “ಹೌದಾ?” ಅನ್ನುವ ಆಶ್ಚರ್ಯ ಇದ್ದೇ ಇರುತ್ತದೆ. ಮಾತ್ರೆ ಇದೆ, ಪಂಪ್ ಇದೆ, ಇಂಜೆಕ್ಷನ್ ಇದೆ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಈ ಮಾತ್ರೆ ಮುಟ್ಟಬಾರದು, ರಕ್ತದೊತ್ತಡ ಅಪಾಯಕ್ಕೆ ಇಳಿಯುತ್ತದೆ. ಅಂಗಡಿಯಲ್ಲಿ ಕದ್ದು ಕೊಳ್ಳದೆ ಡಾಕ್ಟರನ್ನು ಕೇಳಿ. ನನ್ನ ಕತೆ? ಮಾತ್ರೆ ತೆಗೆದುಕೊಂಡರೆ ಕೆಲವು ಸಲ ಆಗುತ್ತದೆ, ಕೆಲವು ಸಲ ಇಲ್ಲ.

ಆರು ತಿಂಗಳು ನಾನು ಗೋಡೆ ಕಡೆ ತಿರುಗಿ ಮಲಗಿದೆ. ಅವಳಿಗೆ ಆಸೆ ತೋರಿಸಿ ನಿರಾಸೆ ಮಾಡುವುದು ಬೇಡ ಅಂತ ನನ್ನ ಲೆಕ್ಕ. ಒಂದು ದಿನ ಅವಳು ದೀಪ ಹಾಕಿ ಎದ್ದು ಕೂತಳು. “ಆಪರೇಷನ್ ಮಾಡಿದ್ದು ಎಲ್ಲಿಗೆ ರೀ? ಕೈಗೂ ಮಾಡಿದ್ರಾ?” ಕೈ ಹಿಡಿಯುವುದನ್ನೂ ನಾನು ಬಿಟ್ಟಿದ್ದೆ, ಅವಳು ಹೇಳುವವರೆಗೆ ನನಗೆ ಅದು ಗೊತ್ತೇ ಇರಲಿಲ್ಲ. ಅವತ್ತು ಇಬ್ಬರೂ ಬೆಳಗಿನ ಜಾವದವರೆಗೆ ಮಾತಾಡಿದೆವು. ಮೂವತ್ತು ವರ್ಷದ ಸಂಸಾರದಲ್ಲಿ ಈ ವಿಷಯ ಅಷ್ಟು ಬಿಚ್ಚಿ ಮಾತಾಡಿದ್ದು ಅದೇ ಮೊದಲು.

ನಡುವೆ ಒಂದು ಸಿಟ್ಟಿನ ಮಾತು. “ಇದು ಒಳ್ಳೆ ಕ್ಯಾನ್ಸರ್ ಅಂತೆ ಅಲ್ವಾ?” ಅಂತ ಕೇಳುವವರಿದ್ದಾರೆ. ನಿಧಾನಕ್ಕೆ ಬೆಳೆಯುತ್ತದೆ ಅನ್ನುವ ಅರ್ಥದಲ್ಲಿ ಹೇಳುತ್ತಾರೆ ಅಂತ ಗೊತ್ತು. ಆದರೂ ಪ್ಯಾಡ್ ಬದಲಿಸಿಕೊಂಡು ಬಂದವನ ಎದುರು ಹೇಳುವ ಮಾತಲ್ಲ ಅದು.

ತಂದೆಗೋ ಅಣ್ಣತಮ್ಮನಿಗೋ ಈ ಕ್ಯಾನ್ಸರ್ ಬಂದಿದ್ದರೆ ಉಳಿದವರಿಗೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ತಮ್ಮನಿಗೆ ಹೇಳಿದೆ, ಪರೀಕ್ಷೆ ಮಾಡಿಸಿಕೊಂಡ. ಮಗನಿಗೂ ಹೇಳಿದ್ದೇನೆ. ನಲವತ್ತು ದಾಟಿದಾಗ ಡಾಕ್ಟರ್ ಹತ್ತಿರ ಈ ಮಾತು ಎತ್ತು ಅಂತ.

ಈಗ ಉಳಿದಿರುವುದು ಪಿಎಸ್‌ಎ ಎಂಬ ಪರೀಕ್ಷೆ. ಗ್ರಂಥಿಯನ್ನೇ ತೆಗೆದ ಮೇಲೆ ಅದು 0.1ಕ್ಕಿಂತ ಕೆಳಗೆ ಇರಬೇಕು. 0.2 ಮುಟ್ಟಿ, ಮತ್ತೆ ನೋಡಿದಾಗಲೂ ಹಾಗೇ ಇದ್ದರೆ ಕಾಯಿಲೆ ತಿರುಗಿ ಬಂದಿರಬಹುದು ಅಂತ ಲೆಕ್ಕ. ರೇಡಿಯೇಷನ್ ಆದವರಿಗೆ ಗ್ರಂಥಿ ಒಳಗೇ ಇರುವುದರಿಂದ ನಿಧಾನಕ್ಕೆ ಇಳಿಯುತ್ತದೆ, ಮಧ್ಯೆ ಸ್ವಲ್ಪ ಏರಿ ಮತ್ತೆ ಇಳಿಯುವುದೂ ಉಂಟು. ಇದು ತಿಳಿಯದೆ ನಾನೂ ನನ್ನ ಗೆಳೆಯನೂ ಪರೀಕ್ಷೆ ಬರೆದ ಹುಡುಗರ ಹಾಗೆ ಒಬ್ಬರ ನಂಬರು ಒಬ್ಬರು ಕೇಳಿ, ಅವನು ಒಂದು ವಾರ ಊಟ ಬಿಟ್ಟಿದ್ದ.

ಮೊದಲು ಮೂರು ತಿಂಗಳಿಗೊಮ್ಮೆ ಇತ್ತು, ಈಗ ಆರು ತಿಂಗಳಿಗೊಮ್ಮೆ. ರಕ್ತ ಕೊಡುವ ವಾರದ ಮೊದಲೇ ನಾನು ಸಣ್ಣಪುಟ್ಟದಕ್ಕೆ ರೇಗಲು ಶುರು ಮಾಡುತ್ತೇನೆ. ಮನೆಯವರು ಕ್ಯಾಲೆಂಡರ್ ನೋಡಿ ಸುಮ್ಮನಿರುತ್ತಾರೆ. ರಿಪೋರ್ಟ್ ಮೊಬೈಲಿಗೇ ಬರುತ್ತದೆ. ಮೊದಲು ನಾನೇ ತೆರೆಯುತ್ತಿದ್ದೆ, ಬೆರಳು ನಡುಗುತ್ತಿತ್ತು. ಈಗ ಮೊಬೈಲನ್ನು ಅವಳ ಕೈಗೆ ಕೊಟ್ಟು ಅಂಗಳಕ್ಕೆ ಹೋಗಿ ಗಿಡಕ್ಕೆ ನೀರು ಹಾಕುತ್ತೇನೆ. ಅವಳು ಕಿಟಕಿಯಿಂದಲೇ ನಂಬರು ಕೂಗುತ್ತಾಳೆ. ಮುಂದಿನದು ಬರುವ ತಿಂಗಳು.